ಜೋಳದ ಬಣ್ಣದ ಸೇತುವೆ

ಬಾಳೆಕಂಬದ ತುದಿಯನ್ನು ಇನ್ನೊಂದು ಮೊಳ ಕತ್ತರಿಸಬೇಕಾಗುತ್ತದೆ ಎಂದು ಪದ್ಮನಾಭ ಮೆಲ್ಲಗೆ ಹೇಳಿದ್ದೇ ತಡ, ಗುರುಬಸಪ್ಪನವರು ಕೈಯಲ್ಲಿದ್ದ ಕುಡುಗೋಲನ್ನು ಕೆಸರಿಗೆ ಎಸೆದುಬಿಟ್ಟರು.

“ಕತ್ತರಿಸಬೇಕಾ? ಇದು ನನ್ನ ತಮ್ಮನ ವಿಮಾನ ಕಣಪ್ಪ. ನಮ್ಮಪ್ಪ ಹೋದಾಗ ಇದಕ್ಕಿಂತ ಎತ್ತರ ಕಟ್ಟಿದ್ವಿ. ನಿಮ್ಮ ಕಬ್ಬಿಣದ ಕಮಾನು ಗಿಡ್ಡಾತು ಅಂತ ನಾನು ಇದನ್ನ ಗಿಡ್ಡ ಮಾಡಾಕೆ ಆಗಲ್ಲ.”

“ಹಾಗಲ್ಲ ಸಾರ್. ಬ್ರಿಜ್ಜಿನ ಮೇಲೆ ಹೋಗಬೇಕಾದ್ರೆ ಅಂತ ಹೇಳಿದೆ ಅಷ್ಟೆ.”

ರಾಜಾಜಿನಗರದ ಆ ಹೊಸ ಬೀದಿಗೆ ಬೆಳಗಿನಿಂದ ಆಷಾಢದ ಜಿಟಿಜಿಟಿ ಹಿಡಿದಿತ್ತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಪುಟ್ಟ ಮನೆಗಳು, ನೆರಳಿಗೆ ಒಂದು ಮರವಿಲ್ಲ, ಬೀದಿ ತುಂಬ ಕೆಮ್ಮಣ್ಣಿನ ರಾಡಿ. ಶಿವಬಸಪ್ಪ ಮೇಷ್ಟ್ರ ಮನೆಯ ಮುಂದೆ ಬಿದಿರ ಗಳಗಳಿಗೆ ಮಣೆ ಬಿಗಿದು, ಮೂಲೆಮೂಲೆಗೆ ಬಾಳೆಕಂಬ ನಿಲ್ಲಿಸಿ, ಮೇಲೆ ಗೋಪುರದ ಹಾಗೆ ಬಿದಿರು ಬಾಗಿಸಿ ಚೆಂಡುಹೂವು ಸುತ್ತುತ್ತಿದ್ದರು. ತೀರಿಕೊಂಡ ಮೇಷ್ಟ್ರನ್ನು ಆ ವಿಮಾನದೊಳಗೆ ಕೂರಿಸಿ ರೈಲುಕಂಬಿಯ ಆಚೆಗಿನ ರುದ್ರಭೂಮಿಗೆ ಒಯ್ಯಬೇಕಾಗಿತ್ತು. ಕಂಬಿ ದಾಟಲು ಹತ್ತಿರದ ದಾರಿಯೆಂದರೆ ಹೋದ ವರ್ಷ ಕಟ್ಟಿದ ಕಾಲುಸೇತುವೆ. ಅದರ ಎರಡೂ ತುದಿಯಲ್ಲಿ, ಮೆಟ್ಟಿಲು ಮುಗಿಯುವ ಕಡೆ, ಒಂದೊಂದು ಕಬ್ಬಿಣದ ಕಮಾನು. ಆ ಕಮಾನು ಬೇಕೇ ಬೇಕೆಂದು ಹಟ ಹಿಡಿದವರು ಮೇಷ್ಟ್ರು. ಕಟ್ಟಿಸಿದವನು ಈ ಓವರ್ಸಿಯರ್ ಪದ್ಮನಾಭ.

ನೀಲಮ್ಮ ಒಳಗೆ ಗಂಡನ ಪಕ್ಕದಲ್ಲಿ ಕೂತಿದ್ದಳು. ಮೇಷ್ಟ್ರನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆ ತುಂಬ ವಿಭೂತಿ ಬಳಿದಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ. ಹುಡುಗರ ಗಲಾಟೆ ತಾನಾಗಿಯೇ ನಿಲ್ಲಲಿ ಎಂದು ಕಣ್ಣುಮುಚ್ಚಿ ಕಾಯುತ್ತಿರುವವರ ಹಾಗೆ ಕಾಣುತ್ತಿದ್ದರು. ಹೊರಗಿನ ಮಾತು ಒಂದೊಂದೂ ಅವಳ ಕಿವಿಗೆ ಬೀಳುತ್ತಿತ್ತು. ಎದ್ದು ಹೊಸ್ತಿಲಿಗೆ ಬಂದಳು.

“ಭಾವ, ಏನೂ ಕತ್ತರಿಸಬ್ಯಾಡ್ರಿ. ಆ ಬ್ರಿಜ್ಜಿನ ಮ್ಯಾಲೆ ಅವರನ್ನ ಒಯ್ಯೋದೇ ಬ್ಯಾಡ.”

ಗುರುಬಸಪ್ಪನವರಿಗೆ ಗೆದ್ದಂತಾಯಿತು. ಪದ್ಮನಾಭನ ಮುಖ ಸಣ್ಣಗಾಯಿತು.

“ಅಮ್ಮ, ರೈಲ್ವೆ ಗೇಟಿನ ದಾರಿ ತುಂಬ ಸುತ್ತು. ಮಳೆ ಬೇರೆ ಬರ್ತಾ ಇದೆ. ಅಲ್ಲದೆ ಅದು ಮೇಷ್ಟ್ರ ಬ್ರಿಜ್ಜು. ಅದರ ಮೇಲೆ ಹೋದ್ರೆ ಅವರ ಆತ್ಮಕ್ಕೂ ಒಂದು...”

“ಅವರ ಆತ್ಮ ಅಲ್ಲೇ ಹೋತು ಕಣಪ್ಪ. ದೇಹಾನಾದ್ರೂ ಬ್ಯಾರೆ ದಾರೀಲಿ ಹೋಗ್ಲಿ.”

ನೀಲಮ್ಮ ಒಳಗೆ ಹೋಗಿ ಮೊದಲಿನ ಜಾಗದಲ್ಲೇ ಕೂತಳು.

*

ಹರಿಹರದ ಕಡೆಯ ಶಿವಬಸಪ್ಪ ಬೆಂಗಳೂರಿಗೆ ಬಂದದ್ದು ವರ್ಗವಾಗಿ. ಸರ್ವೀಸು ಪೂರ್ತಿ ಡ್ರಾಯಿಂಗ್ ಮೇಷ್ಟ್ರು. ಕರಿಹಲಗೆಯ ಮೇಲೆ ಮಾವಿನಕಾಯಿ ಬರೆದರು, ಮಡಕೆ ಬರೆದರು, ಅರಳಿ ಎಲೆ ಬರೆದರು. ಪರೀಕ್ಷೆ ಹತ್ತಿರ ಬಂತೆಂದರೆ ಅವರ ಪೀರಿಯಡ್ಡನ್ನು ಲೆಕ್ಕದವರೋ ಇಂಗ್ಲಿಷಿನವರೋ ಕೇಳಿ ಪಡೆಯುತ್ತಿದ್ದರು. ಕೇಳದೆಯೂ ತೆಗೆದುಕೊಳ್ಳುತ್ತಿದ್ದರು. ಆಗೆಲ್ಲ ಅವರು ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತು ಹೊರಗೆ ನೋಡುತ್ತಿದ್ದರು. ನಿವೃತ್ತಿಯಾಗುವ ಹೊತ್ತಿಗೆ ರಾಜಾಜಿನಗರದಲ್ಲಿ ಒಂದು ಮನೆ ಸಿಕ್ಕಿತು. ಮಗಳು ಜಗದಾಂಬಾ ಮದುವೆಯಾಗಿ ತುಮಕೂರು ಸೇರಿದಳು.

ಕಂಬಿಯ ಆ ಕಡೆ ಗಿರಣಿ, ಮಾರ್ಕೆಟ್ಟು, ಆಸ್ಪತ್ರೆ. ಈ ಕಡೆ ಬರೀ ಮನೆಗಳು. ಜನ ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುಟ್ಟಿ ಹೊತ್ತು ಕಂಬಿಯ ಮೇಲೇ ದಾಟುತ್ತಿದ್ದರು. ಗಿರಣಿಯ ಹೆಂಗಸೊಬ್ಬಳು ರೈಲಿಗೆ ಸಿಕ್ಕಿ ತೀರಿಕೊಂಡ ಮೇಲೆ ಒಂದು ಸೇತುವೆ ಮಂಜೂರಾಯಿತು. ಅದರ ನಕ್ಷೆಯನ್ನು ಬಡಾವಣೆಯವರಿಗೆ ತೋರಿಸಲೆಂದು ಪದ್ಮನಾಭ ಸೈಕಲ್ಲಿನಲ್ಲಿ ಬಂದಿದ್ದ. ಬೇರೆಯವರೆಲ್ಲ ಒಮ್ಮೆ ಕಣ್ಣಾಡಿಸಿ ಸರಿ ಅಂದರು. ಶಿವಬಸಪ್ಪ ಮಾತ್ರ ಅವನನ್ನು ಮನೆಗೆ ಕರೆದುಕೊಂಡು ಬಂದು, ನಕ್ಷೆಯನ್ನು ನಡುಮನೆಯ ನೆಲದ ಮೇಲೆ ಹಾಸಿಸಿದರು. ನೀಲಮ್ಮ ಕಾಫಿ ತಂದು ಇಡಲು ಜಾಗವಿಲ್ಲದೆ ನಿಂತಿದ್ದಳು.

“ಇದು ಏಣಿ ಕಣ್ರೀ, ಬ್ರಿಜ್ಜಲ್ಲ.”

“ಜನ ದಾಟಿದ್ರೆ ಆಯ್ತಲ್ಲ ಸಾರ್?”

“ದಾಟ್ತಾರೆ, ಹೆದರ್ಕೊಂಡು ದಾಟ್ತಾರೆ. ಇಡೀ ದಿನ ಗಿರಣೀಲಿ ನಿಂತು ಕಾಲು ಬಿದ್ದುಹೋದವರು ಹತ್ತಬೇಕು ಇದನ್ನ. ಮೆಟ್ಟಲು ತಗ್ಗು ಮಾಡಿ. ಪಕ್ಕದ ಸರಳು ಒತ್ತಾಗಿರಲಿ, ಕೂಸಿನ ತಲೆ ತೂರಬಾರದು. ಆಮೇಲೆ ತುದೀಲಿ ಒಂದು ಕಮಾನು.”

“ಕಮಾನು ಯಾಕೆ ಸಾರ್?”

ಮೇಷ್ಟ್ರು ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಮೇಲಕ್ಕೆ ತಳ್ಳಿದರು.

“ಆ ಕಡೆ ಊರು, ಈ ಕಡೆ ಬರೀ ಸೈಟು ಅಂತಾರೆ ಜನ. ನಮ್ಮನೆಯವಳೂ ಅಂತಾಳೆ. ಒಂದು ಬಾಗಿಲು ಅಂತ ಇಟ್ರೆ ಈ ಕಡೇನೂ ಮನೆ ಅನ್ನಿಸ್ತದೆ.”

“ಎಷ್ಟು ಎತ್ತರ ಬೇಕು?”

“ಬುಟ್ಟಿ ಹೊತ್ತವಳು ಬಗ್ಗದೆ ಹೋದ್ರೆ ಸಾಕು. ಅದಕ್ಕಿಂತ ಎತ್ತರ ಆದ್ರೆ ಅರಮನೆ ಆಗ್ತದೆ.”

ಆಮೇಲೆ ಮೇಷ್ಟ್ರು ಕಚೇರಿಗೆ ಅಲೆದ ಅಲೆದಾಟ ನೀಲಮ್ಮನಿಗೆ ಮಾತ್ರ ಗೊತ್ತು. ಕಂಕುಳಲ್ಲಿ ಕಾಗದದ ಸುರುಳಿ ಇರುಕಿಕೊಂಡು ಬೆಳಿಗ್ಗೆ ಹೋದರೆ ಮಧ್ಯಾಹ್ನ ಊಟಕ್ಕೆ ಬರುತ್ತಿರಲಿಲ್ಲ. ಮೆಟ್ಟಿಲು ತಗ್ಗಾಯಿತು. ಸರಳು ಒತ್ತಾಯಿತು. ಕಮಾನು ಮಾತ್ರ ಅವರು ಬರೆದ ಹಾಗೆ ಬರಲಿಲ್ಲ. ಅವರು ಬರೆದದ್ದು ಎರಡೂ ಕಡೆಯಿಂದ ಹಬ್ಬಿ ನಡುವೆ ಕೂಡುವ ಬಳ್ಳಿ. ಕುಲುಮೆಯವನು ಬಡಿದು ತಂದದ್ದು ಒಂದು ಕಡೆಗೆ ವಾಲಿದ ಸೊಟ್ಟ ಸರಳು. ರೈಲು ಬಂದಾಗೆಲ್ಲ ಅದು ಗಡಗಡ ಅನ್ನುತ್ತಿತ್ತು. ಹುಡುಗರು ಅದಕ್ಕೆ ಮೇಷ್ಟ್ರ ಚೌಕಟ್ಟು ಎಂದು ಹೆಸರಿಟ್ಟರು. ಶಿವಬಸಪ್ಪ ಅದನ್ನೂ ಕೇಳಿಸಿಕೊಂಡು ನಕ್ಕರು. ಅರವತ್ತರ ಹತ್ತಿರ ಬಂದ ಮನುಷ್ಯ ಬರೆದದ್ದೊಂದು ಮೊದಲ ಸಲ ಹಲಗೆಯಿಂದ ಅಳಿಸಿಹೋಗದೆ ಬಯಲಲ್ಲಿ ನಿಂತಿತ್ತು.

*

“ಎಂಥಾ ಸಾಧು ಮನುಷ್ಯ!” ಎಂದರು ಪುರುಷೋತ್ತಮ. ಅವರು ಮೇಷ್ಟ್ರ ಜೊತೆ ಕೆಲಸ ಮಾಡಿದ ಲೆಕ್ಕದ ಮೇಷ್ಟ್ರು. ಛತ್ರಿಯನ್ನು ಮಡಿಸಿ ಗೋಡೆಗೆ ಒರಗಿಸಿ, ಹಾರ ಹಾಕಿ ಬಂದು ಜಗುಲಿಯಲ್ಲಿ ಕೂತಿದ್ದರು. “ಅವರ ಪೀರಿಯಡ್ಡೆಲ್ಲ ನಾನೇ ತಗೊಂಡಿದೀನಿ. ಒಂದು ದಿನಾನೂ ಇಲ್ಲ ಅಂದವರಲ್ಲ.”

“ಅಂದಿದ್ರೆ ನೀವು ಬಿಡ್ತಿದ್ರಾ ಸ್ವಾಮಿ?” ಎಂದ ಎದುರುಮನೆಯ ಹನುಮಂತಯ್ಯ. ಈ ಬಡಾವಣೆ ಏಳುವುದಕ್ಕೆ ಮೊದಲು ಇಲ್ಲೇ ರಾಗಿ ಬೆಳೆದವನು. ಈಗ ಹಸು ಕಟ್ಟಿಕೊಂಡು ಹಾಲು ಹಾಕುತ್ತಿದ್ದ.

ಪುರುಷೋತ್ತಮ ಮುಖ ತಗ್ಗಿಸಿ, “ಬಿಡ್ತಿರಲಿಲ್ಲ ಅಂತ ಕಾಣುತ್ತೆ” ಎಂದರು.

“ಒಂದು ಮಾತ್ರ ನಂಗೆ ತಿಳೀನಿಲ್ಲ ನೋಡಿ,” ಹನುಮಂತಯ್ಯ ಬೀಡಿ ಹಚ್ಚಲು ಹೋಗಿ, ಹೊತ್ತಲ್ಲವೆಂದು ಕಿವಿಗೆ ಸಿಕ್ಕಿಸಿಕೊಂಡ. “ಇಂಜಿನ್ ಹೊಗೆ ಕೆಳಗೆ, ಗಿರಣಿ ಹೊಗೆ ಪಕ್ಕಕ್ಕೆ. ಅಂಥಾ ಜಾಗದಾಗೆ ಆ ತಿಳಿ ಹಳದಿ ಬಳಿಸವ್ರಲ್ಲ, ಯಾಕೆ ಅಂತೀನಿ. ಕರೀದು ಬಳಿದಿದ್ರೆ ನೂರು ವರ್ಷ ಕೇಳೋರಿರ್ತಿರಲಿಲ್ಲ.”

“ಆಫೀಸಲ್ಲಿ ಕಪ್ಪು ಬಣ್ಣಾನೇ ಬರೆದಿದ್ರು,” ಎಂದ ಪದ್ಮನಾಭ. “ಇವರು ಬಂದು ಕೂತುಬಿಟ್ರು. ಸಾರ್, ಒಂದು ಸಲ ಈ ಬಣ್ಣ ನೋಡಿ ಅಂತ ಒಂದು ತಗಡಿನ ಚೂರಿಗೆ ತಾವೇ ಕಲಸಿ ಬಳಿದು ತಂದಿದ್ರು. ಎಲ್ಲಿಂದ ಹಿಡಿದ್ರೋ ಆ ಬಣ್ಣಾನ. ಹಳದೀನೂ ಅಲ್ಲ, ಬಿಳೀನೂ ಅಲ್ಲ.”

ಒಳಗೆ ಜಗದಾಂಬಾ ತಾಯಿಯ ಕೈ ಹಿಡಿದುಕೊಂಡಳು. “ಅವ್ವ, ಒಂದು ಗುಟುಕು ಹಾಲಾದರೂ ಕುಡಿ.”

ನೀಲಮ್ಮ ಬೇಡವೆಂದು ತಲೆಯಾಡಿಸಿದಳು. ಆ ಬಣ್ಣ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು.

*

ಸೇತುವೆಗೆ ಬಣ್ಣ ಹೊಡೆಯುವ ಮೊದಲು ಒಂದು ದಿನ ಅವಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಶಿವಬಸಪ್ಪ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬಣ್ಣ ಬಳಿದ ಕಾಗದದ ಚೂರುಗಳನ್ನು ನೆಲದ ಮೇಲೆ ಒಂದೊಂದಾಗಿ ಇಟ್ಟರು. ಕೆಂಪು, ಗಿಣಿಹಸಿರು, ಆಕಾಶದ ನೀಲಿ.

“ಬಡಾವಣೆಯವರು ಒಬ್ಬೊಬ್ಬರು ಒಂದೊಂದು ಅಂತಾರೆ. ಹಸಿರು ಅಂದ್ರೆ ಅವರಿಗಾಗಲ್ಲ, ಕೆಂಪು ಅಂದ್ರೆ ಇವರಿಗಾಗಲ್ಲ. ನೀನೇ ಒಂದು ಹೇಳು.”

“ನಂಗೇನು ತಿಳೀತದ್ರಿ? ಹೆಂಚು ಕಾಯ್ದದೆ, ಸರೀರಿ ಆ ಕಡೆ.”

“ತಿಳೀಬೇಕಾದ್ದೇನೈತೆ? ನಿನ್ನ ಕಣ್ಣಿಗೆ ಯಾವ ಬಣ್ಣ ಬಿದ್ರೆ ಜೀವಕ್ಕೆ ಹಾಯನ್ನಿಸ್ತದೆ?”

ಮದುವೆಯಾದಂದಿನಿಂದ ಯಾರೂ ಅವಳನ್ನು ಅಂಥ ಪ್ರಶ್ನೆ ಕೇಳಿರಲಿಲ್ಲ. ರೊಟ್ಟಿ ತಿರುವಿ ಹಾಕಿ, ಹಿಟ್ಟಿನ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಈ ಊರಿಗೆ ಬಂದ ಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ನೆನಪಾಯಿತು. ಕೆಮ್ಮಣ್ಣು, ಸುಣ್ಣದ ಗೋಡೆ, ಕಲ್ಲು. ಇಲ್ಲಿ ಬಿತ್ತುವ ರಾಗಿಯೂ ಅವಳಿಗೆ ಹೊಸದು.

“ನಮ್ಮೂರಾಗೆ ಜೋಳ ಕಟಾವಿಗೆ ಬಂದಾಗ,” ಎಂದಳು, “ಸಂಜೀ ಬಿಸಿಲಾಗೆ ಇಡೀ ಹೊಲ ಒಂದು ಬಣ್ಣ ಆಗ್ತದಲ್ರಿ, ತೆನಿ ದಂಟು ಎಲ್ಲಾ ಕೂಡಿ? ಆ ಬಣ್ಣ.”

ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. “ಅದೇನು ಕಬ್ಬಿಣಕ್ಕೆ ಬಳಿಯೋ ಬಣ್ಣಾನಾ, ಹೋಗ್ರಿ” ಎಂದು ಹೆಂಚಿನ ಕಡೆ ತಿರುಗಿದಳು. ಶಿವಬಸಪ್ಪ ಕಾಗದದ ಚೂರುಗಳನ್ನೆಲ್ಲ ಬಾಚಿಕೊಂಡು ಎದ್ದರು. ಅವತ್ತಿಡೀ ಹಿತ್ತಲಲ್ಲಿ ಕೂತು ಬಣ್ಣ ಕಲಸಿದರು. ಹಳದಿಗೆ ಬಿಳಿ ಹಾಕಿದರು, ಒಂದು ಚಿಟಿಕೆ ಕಾವಿ ಹಾಕಿದರು, ಚೆಲ್ಲಿದರು, ಮತ್ತೆ ಕಲಸಿದರು. ಕೊನೆಗೆ ತಗಡಿನ ಚೂರೊಂದನ್ನು ತಂದು ಅವಳ ಮುಂದೆ ಹಿಡಿದರು. ನೀಲಮ್ಮ ಸುಮ್ಮನೆ ಅದರ ಮೇಲೆ ಬೆರಳಿಟ್ಟಳು. ಒಣಗಿರದ ಬಣ್ಣ ಬೆರಳಿಗೆ ಅಂಟಿತು.

ಸೇತುವೆ ಮುಗಿದ ದಿನ ಇಬ್ಬರೂ ಜೊತೆಯಲ್ಲಿ ಅದರ ಮೇಲೆ ಹೋಗಿ ಬಂದರು. ಸಂಜೆಯ ಬಿಸಿಲಿತ್ತು. ನಡುವೆ ನಿಂತು ನೀಲಮ್ಮ ಬಹಳ ಹೊತ್ತು ಸರಳು ಹಿಡಿದುಕೊಂಡಿದ್ದಳು. ಆ ಒಂದು ಸಂಜೆ ಅವಳಿಗೆ ಊರ ನೆನಪು ಕಾಡಲಿಲ್ಲ.

*

ವಿಮಾನ ಎದ್ದಾಗ ಮಧ್ಯಾಹ್ನ ಇಳಿದಿತ್ತು. ಮುಂದೆ ಶಂಖ, ಜಾಗಟೆ. ಹಿಂದೆ ಹೊಸ ಬೀದಿಗಳ ನೆರೆಹೊರೆ. ಕೆಲವರು ಛತ್ರಿ ಹಿಡಿದಿದ್ದರು, ಕೆಲವರು ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದಿದ್ದರು. ಗಳಕ್ಕೆ ಹೆಗಲು ಕೊಟ್ಟವರ ಕಾಲು ರಾಡಿಯಲ್ಲಿ ಹೂತು ಹೂತು ಬರುತ್ತಿತ್ತು. ಬೀದಿಯ ತುದಿಯಲ್ಲಿ ಸೇತುವೆ ಕಾಣಿಸಿತು. ಮೆರವಣಿಗೆ ಎಡಕ್ಕೆ ಹೊರಳಿ ಗೇಟಿನ ದಾರಿ ಹಿಡಿಯಿತು. ನೀಲಮ್ಮ ಸೇತುವೆಯ ಕಡೆ ಮುಖ ಎತ್ತಲಿಲ್ಲ.

ಗೇಟು ಮುಚ್ಚಿತ್ತು. ಅದರಾಚೆ ಗೂಡ್ಸ್ ಗಾಡಿಯೊಂದು ಕಂಬಿಯ ಉದ್ದಕ್ಕೂ ನಿಂತುಬಿಟ್ಟಿತ್ತು.

“ಇಂಜಿನ್ ಕೆಟ್ಟೈತೆ ಸ್ವಾಮಿ,” ಎಂದ ಗೇಟಿನವನು, ವಿಮಾನ ನೋಡಿ ತಲೆಯ ಮೇಲಿನ ಟವಲು ತೆಗೆದು. “ಬೇರೆ ಇಂಜಿನ್ ಬಂದು ಎಳೀಬೇಕು. ಯಾವಾಗ ಬತ್ತದೋ ಗೊತ್ತಿಲ್ಲ.”

“ಹೊತ್ತು ಮುಳುಗೋದ್ರೊಳಗೆ ಸಮಾಧಿ ಆಗಬೇಕಲ್ಲ ತಮ್ಮ,” ಎಂದರು ಸಂಸ್ಕಾರ ಮಾಡಿಸಲು ಬಂದಿದ್ದ ಅಯ್ಯನವರು.

“ನಾನೇನು ಮಾಡ್ಲಿ ಬುದ್ಧಿ?”

ಕಾದರು. ವಿಮಾನವನ್ನು ಕೆಳಗಿಳಿಸಲು ಒಣನೆಲವಿರಲಿಲ್ಲ. ಹೊತ್ತವರು ಹೆಗಲು ಬದಲಿಸುತ್ತ ನಿಂತರು. ಮಳೆ ಸ್ವಲ್ಪ ಜೋರಾಯಿತು. ಚೆಂಡುಹೂವಿನ ಸರ ನೀರು ಕುಡಿದು ಜೋತುಬಿತ್ತು. ಗಿರಣಿಗೆ ಹೋಗಬೇಕಾದವರು ಒಬ್ಬೊಬ್ಬರಾಗಿ ಕೈಮುಗಿದು ಹಿಂದಕ್ಕೆ ಸರಿದರು. ನೀಲಮ್ಮ ಮಗಳ ತೋಳು ಹಿಡಿದುಕೊಂಡು ವಿಮಾನದ ಪಕ್ಕದಲ್ಲೇ ನಿಂತಿದ್ದಳು.

*

ಜೋಳದ ಬಣ್ಣ ಒಂದು ಮಳೆಗಾಲವನ್ನೂ ಪೂರ್ತಿ ಕಾಣಲಿಲ್ಲ. ಕೆಳಗೆ ಇಂಜಿನ್ನು ಹಾದಾಗೆಲ್ಲ ಹೊಗೆ ಎದ್ದು ಬಂದು ಸರಳಿಗೆ ಕೂರುತ್ತಿತ್ತು. ಗಿರಣಿಯ ಚಿಮಣಿಯಿಂದ ಕರಿಪುಡಿ ಉದುರುತ್ತಿತ್ತು. ಹಳದಿ ಮೊದಲು ಮಾಸಿತು, ಆಮೇಲೆ ಕಂದಾಯಿತು, ಕೊನೆಗೆ ಇಂಥದ್ದೆಂದು ಹೇಳಲಾಗದ ಒಂದು ಕೊಳೆಯ ಬಣ್ಣವಾಯಿತು. ಹಿಡಿದವರ ಕೈಗೆಲ್ಲ ಮಸಿ. ಬಿಳಿ ಪಂಚೆಯವರು ಮೇಷ್ಟ್ರನ್ನು ಬೈಯುತ್ತಲೇ ದಾಟಿದರು.

ಶಿವಬಸಪ್ಪ ಬಕೀಟು, ಸೀಗೆಪುಡಿ, ಹರಕು ಬಟ್ಟೆ ತೆಗೆದುಕೊಂಡು ಭಾನುವಾರ ಭಾನುವಾರ ಸೇತುವೆ ತೊಳೆಯಲು ಹೊರಟರು. ಈ ತುದಿಯಿಂದ ಶುರು ಮಾಡಿ ಆ ತುದಿ ಮುಟ್ಟುವ ಹೊತ್ತಿಗೆ ಈ ತುದಿ ಮತ್ತೆ ಕಪ್ಪಾಗಿರುತ್ತಿತ್ತು. ಹುಡುಗರು ನಿಂತು ನೋಡಿ ನಗುತ್ತಿದ್ದರು. ನಲ್ಲಿಯ ಹತ್ತಿರ ಹೆಂಗಸರು, ನಿಮ್ಮನೇರು ಇವತ್ತೂ ಬ್ರಿಜ್ಜಿಗೆ ಸ್ನಾನ ಮಾಡಿಸ್ತಾ ಇದ್ರು ಅನ್ನುತ್ತಿದ್ದರು. ನೀಲಮ್ಮ ಆ ಕಡೆ ಹೋಗುವುದನ್ನೇ ಬಿಟ್ಟಳು.

ಆಷಾಢ ಹಿಡಿಯಿತು. ಚಳಿಗಾಳಿ, ಹನಿ. ಶನಿವಾರವೇ ಅವರಿಗೆ ಮೈ ಬೆಚ್ಚಗಿತ್ತು. ಭಾನುವಾರ ಬೆಳಿಗ್ಗೆ ನೀಲಮ್ಮ ಬಕೀಟನ್ನು ಬಚ್ಚಲೊಲೆಯ ಹಿಂದೆ ಬಚ್ಚಿಟ್ಟಳು. ಅವರು ಹುಡುಕಿದರು. ಸಿಗದಿದ್ದಾಗ ಅಡುಗೆಮನೆಯಿಂದ ಹಿತ್ತಾಳೆ ಬೋಗುಣಿ ಎತ್ತಿಕೊಂಡರು.

“ಜ್ವರ ಇಟ್ಕೊಂಡು ಹೋಗ್ತೀರಾ? ನಿಮಗೇನು ಹುಚ್ಚಾ?”

“ಅರ್ಧ ಉಳಿದದೆ. ಮುಗಿಸಿ ಬಂದ್‌ಬಿಡ್ತೀನಿ.”

“ಹೋಗ್ರಿ. ಆ ಬ್ರಿಜ್ಜಿನ ಜೋಡೀನೇ ಸಂಸಾರ ಮಾಡ್ರಿ. ಮನೀಗೆ ಯಾಕ ಬರ್ತೀರಿ?”

ಅವರು ಹೊಸ್ತಿಲ ಹೊರಗೆ ನಿಂತು ತಿರುಗಿ ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಹೇಗೆ ಹೇಳುವುದೆಂದು ತಿಳಿಯದವರ ಹಾಗೆ ಬೋಗುಣಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

“ಅದು ನಿನ್ನ ಬಣ್ಣ ಅಲ್ಲೇನು,” ಎಂದರು. “ಮಸಿ ಹಿಡಿದ್ರೆ ನೋಡಾಕಾಗಲ್ಲ.”

ನೀಲಮ್ಮ ಮುಖ ತಿರುಗಿಸಿ ಒಳಗೆ ಹೋದಳು. ಮಧ್ಯಾಹ್ನ ಹನುಮಂತಯ್ಯ ಅವರನ್ನು ಹೆಗಲಿಗೆ ಆನಿಸಿಕೊಂಡು ಮನೆಗೆ ಕರೆತಂದ. ಎದೆಗೆ ಶೀತ ಇಳಿದಿತ್ತು. ಡಾಕ್ಟರು ಬಂದರು, ಸೂಜಿ ಚುಚ್ಚಿದರು, ನ್ಯುಮೋನಿಯಾ ಅಂದರು. ಆಮೇಲೆ ಅವರು ಮಾತಾಡಿದ್ದೆಲ್ಲ ಜ್ವರದ ಮಾತೇ. ಅವಳು ಅಂದದ್ದನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಂಡರೋ ಬಿಟ್ಟರೋ ತಿಳಿಯುವ ಹಾಗೇ ಇರಲಿಲ್ಲ. ರಾತ್ರಿಯೆಲ್ಲ ಕಾಲು ತಿಕ್ಕುತ್ತ ಕೂತ ನೀಲಮ್ಮನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಅವತ್ತು ರೊಟ್ಟಿ ಬೇಯಿಸುತ್ತ ತಾನು ಕರೀದು ಅಂದಿದ್ದರೆ? ಯಾವುದೋ ಒಂದು ಬಳಿಸಿಕೊಳ್ಳಿ ಅಂದು ಸುಮ್ಮನಿದ್ದಿದ್ದರೆ?

*

“ಅವ್ವ, ನೋಡು,” ಎಂದಳು ಜಗದಾಂಬಾ.

ಬಾಳೆಕಂಬದ ತುದಿಯಿಂದ ನೀರು ಸೋರಿ ಮೇಷ್ಟ್ರ ಹಣೆಯ ಮೇಲೆ ಬೀಳುತ್ತಿತ್ತು. ವಿಭೂತಿ ಕರಗಿ ಹುಬ್ಬಿನ ಮೇಲೆ, ಮೂಗಿನ ಪಕ್ಕದಲ್ಲಿ ಬಿಳಿಯ ಗೆರೆಗಳಾಗಿ ಇಳಿಯುತ್ತಿತ್ತು. ಬಾಯಿಯ ಹತ್ತಿರ ಬಂದಿತ್ತು. ಒರೆಸಿಕೊಳ್ಳಲಾಗದ ಆ ಮುಖವನ್ನು ನೀಲಮ್ಮ ಒಂದು ಗಳಿಗೆ ನೋಡಿದಳು.

“ತಿರುಗಿಸ್ರಿ,” ಎಂದಳು. “ಬ್ರಿಜ್ಜಿಗೇ ಹೋಗಾಣ.”

“ಏನಂದಿ ನೀಲವ್ವ?” ಎಂದರು ಗುರುಬಸಪ್ಪ.

“ಇನ್ನು ಅವರು ನೆನಿಯೋದು ಬ್ಯಾಡ ಭಾವ. ಬ್ರಿಜ್ಜಿಗೆ ತಿರುಗಿಸ್ರಿ.”

ಸೇತುವೆಯ ಬುಡಕ್ಕೆ ಬಂದಾಗ ಬೆಳಕು ಮಂಕಾಗಿತ್ತು. ವಿಮಾನ ಕಮಾನಿಗಿಂತ ಎಷ್ಟೋ ಎತ್ತರವಿತ್ತು. ಎಲ್ಲರೂ ಗುರುಬಸಪ್ಪನವರ ಮುಖ ನೋಡಿದರು. ಅವರು ಮೇಲೆ ಕಮಾನನ್ನೂ ಕೆಳಗೆ ತಮ್ಮನನ್ನೂ ನೋಡಿದರು.

“ಮಂಟಪ ಬಿಚ್ಚಿಬಿಡ್ರಿ,” ಎಂದಳು ನೀಲಮ್ಮ. “ಮಣೆ ಒಂದಿದ್ರೆ ಸಾಕು. ಹೆಗಲ ಮ್ಯಾಲೆ ಬ್ಯಾಡ, ಕೈಯಾಗೆ ಹಿಡಕೊಳ್ರಿ. ಬಾಗಿಲಾಗೆ ಹೋಗೋ ಮನುಷ್ಯನ ಹಂಗೆ ಹೋಗ್ಲಿ.”

ಗುರುಬಸಪ್ಪನವರು ಯಾರನ್ನೂ ಹತ್ತಿರ ಬಿಡಲಿಲ್ಲ. ಬೆಳಗಿನಿಂದ ತಾವೇ ಕಟ್ಟಿದ ಹಗ್ಗಗಳನ್ನು ತಾವೇ ಕುಡುಗೋಲಿನಿಂದ ಕೊಯ್ದರು. ಬಾಳೆಕಂಬ ಉರುಳಿತು, ಬಿದಿರಿನ ಗೋಪುರ ರಾಡಿಗೆ ಬಿತ್ತು. “ಸಣ್ಣವನಿದ್ದಾಗಿಂದ ಹಿಂಗೇ,” ಎಂದು ಅಳುತ್ತ ಅಂದರು, “ನಾನು ಹೇಳಿದ್ದನ್ನ ಒಂದೂ ಕೇಳ್ತಿದ್ದಿಲ್ಲ.” ತಮ್ಮ ಹೆಗಲ ಶಾಲು ತೆಗೆದು ತಮ್ಮನ ತಲೆಯ ಮೇಲೆ ಹೊದಿಸಿದರು.

ಗಳಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತತೊಡಗಿದರು. ಪದ್ಮನಾಭನೂ ಒಂದು ಕೈ ಕೊಟ್ಟಿದ್ದ. ಕಮಾನಿನ ಹತ್ತಿರ ಬಂದಾಗ ಎಲ್ಲರೂ ಅರಿವಿಲ್ಲದೆ ಮೊಣಕಾಲು ಬಗ್ಗಿಸಿದರು. ಬಗ್ಗುವ ಅಗತ್ಯವಿರಲಿಲ್ಲ. ಶಿವಬಸಪ್ಪ ಮೇಷ್ಟ್ರು ಶಾಲು ಹೊದ್ದು ಕೂತ ಹಾಗೇ ಅದರಡಿಯಲ್ಲಿ ಹಾದುಹೋದರು.

ನೀಲಮ್ಮ ಹಿಂದೆ ಬಂದಳು. ಎಷ್ಟೋ ತಿಂಗಳಾದ ಮೇಲೆ ಈಗ ಅವಳು ಇಲ್ಲಿ ಕಾಲಿಟ್ಟದ್ದು. ಈ ಕಡೆಯ ಸರಳುಗಳು ತಕ್ಕಮಟ್ಟಿಗೆ ತಿಳಿಯಾಗಿದ್ದವು. ಮೇಲೊಂದು ತೆಳ್ಳನೆಯ ಮಸಿಯಿದ್ದರೂ ಒಳಗಿನ ಬಣ್ಣ ಕಾಣುತ್ತಿತ್ತು. ನಡುವಿಗೆ ಬರುವ ಹೊತ್ತಿಗೆ ಒಂದು ಸರಳು ಅರ್ಧ ತೊಳೆದದ್ದು, ಅರ್ಧ ಕರ್ರಗೆ. ಅಲ್ಲಿಂದಾಚೆ ಎಲ್ಲವೂ ಕಪ್ಪು. ಅವಳು ಆ ಸರಳಿನ ಮುಂದೆ ನಿಂತಳು. ಜಗದಾಂಬಾ ಕೈ ಎಳೆದಳು. ಮುಂದೆ ಶಂಖ ಆಗಲೇ ಆ ತುದಿಯ ಮೆಟ್ಟಿಲು ಇಳಿಯುತ್ತಿತ್ತು.

*

ಸಮಾಧಿ ಮುಗಿಯಿತು. ಅಯ್ಯನವರ ಮಂತ್ರ, ಬಿಲ್ವಪತ್ರೆ, ವಿಭೂತಿಯ ಗಟ್ಟಿಗಳು, ಆಮೇಲೆ ಮಣ್ಣು. ಒಬ್ಬೊಬ್ಬರೂ ಒಂದೊಂದು ಹಿಡಿ ಹಾಕಿದರು. ಮಳೆ ನಿಂತಿತ್ತು.

ಬರಿಮಣೆ ಹಿಡಿದುಕೊಂಡು ಹನುಮಂತಯ್ಯ ಮತ್ತಿತರರು ಮುಂದೆ ಹೋದರು. ಪದ್ಮನಾಭ ನೀಲಮ್ಮನ ಹೆಜ್ಜೆಗೆ ಹೆಜ್ಜೆ ಸೇರಿಸಿಕೊಂಡು ಬರುತ್ತಿದ್ದ. ಸೇತುವೆಯ ಮೆಟ್ಟಿಲು ಹತ್ತುವಾಗ ಹೇಳಿದ:

“ಅಮ್ಮ, ಈ ವರ್ಷ ಮತ್ತೆ ಬಣ್ಣ ಹೊಡೆಯೋದಿದೆ. ಆಫೀಸಲ್ಲಿ ನಾನು ಮಾತಾಡ್ತೀನಿ. ಮೇಷ್ಟ್ರು ಕಲಸಿದ ಬಣ್ಣದ ತಗಡು ಇನ್ನೂ ನನ್ನ ಹತ್ರಾನೇ ಇದೆ. ಅದೇ ಬಣ್ಣ ಹೊಡೆಸೋಣ, ಅವರ ಜ್ಞಾಪಕಕ್ಕೆ.”

ನೀಲಮ್ಮ ನಿಂತಳು.

“ಬ್ಯಾಡಪ್ಪ. ಕರೀದು ಹೊಡಸು.”

“ಅಮ್ಮ...”

“ಮಸಿ ಬಿದ್ರೂ ಗೊತ್ತಾಗಬಾರದು. ಅದನ್ನ ತೊಳೀಬೇಕು ಅಂತ ಇನ್ನು ಯಾರಿಗೂ ಅನ್ನಿಸಬಾರದು.”

ಪದ್ಮನಾಭ ಆಗಲಿ ಎನ್ನುವಂತೆ ತಲೆಯಾಡಿಸಿದ.

ಅಷ್ಟರಲ್ಲಿ ಗಿರಣಿಯ ಸೈರನ್ ಕೂಗಿತು. ಕೆಲಸ ಬಿಟ್ಟವರು 'ಊರಿನ' ಕಡೆಯಿಂದ ಗುಂಪಾಗಿ ಬಂದು, ಇವರ ಹಿಂದೆಯೇ ಮೆಟ್ಟಿಲು ಹತ್ತತೊಡಗಿದರು. ಹತ್ತಿಯ ಎಳೆ ಅಂಟಿದ ತಲೆಗಳು, ಖಾಲಿ ಊಟದ ಡಬ್ಬಿಗಳು. ಯಾರಿಗೂ ಮಾತಾಡುವ ತ್ರಾಣವಿರಲಿಲ್ಲ. ಬರಿಮಣೆಯನ್ನು ಕಂಡವರು ಪಕ್ಕಕ್ಕೆ ಸರಿದು, ಒಂದು ಗಳಿಗೆ ತಲೆ ತಗ್ಗಿಸಿ, ಮುಂದೆ ಹೋದರು. ತೀರಿಹೋದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಕೆಳಗೆ ಬೇರೆ ಇಂಜಿನ್ನೊಂದು ಆ ಗೂಡ್ಸ್ ಗಾಡಿಯನ್ನು ಎಳೆದುಕೊಂಡು ಹಾದು ಹೊಗೆ ಏರಿ ಬಂತು. ಎಲ್ಲರೂ ಸೆರಗು, ಟವಲು ಮೂಗಿಗೆ ಹಿಡಿದು ನಿಂತರು.

ನೀಲಮ್ಮನ ಪಕ್ಕದಲ್ಲಿ ಗಿರಣಿಯ ಹೆಂಗಸೊಬ್ಬಳು ಸುಸ್ತಾಗಿ ಸರಳಿಗೆ ಕೆನ್ನೆ ಆನಿಸಿಕೊಂಡು ನಿಂತಿದ್ದಳು. ಸಣ್ಣ ವಯಸ್ಸು. ಕಣ್ಣು ಅರ್ಧ ಮುಚ್ಚಿತ್ತು. ಹೊಗೆ ತಿಳಿಯಾದ ಮೇಲೆ ಉಸ್ಸೆಂದು ತಲೆ ಎತ್ತಿ ಡಬ್ಬಿ ಎತ್ತಿಕೊಂಡಳು. ಅವಳ ಕೆನ್ನೆಯ ಮೇಲೆ, ಕಿವಿಯಿಂದ ತುಟಿಯವರೆಗೆ, ದಪ್ಪಗೆ ಒಂದು ಕರಿಗೆರೆ ಎದ್ದಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ.

“ನಿಂತ್ಕೊ ತಾಯಿ,” ಎಂದಳು ನೀಲಮ್ಮ.

“ಏನಮ್ಮ?”

ನೀಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವಳ ಗದ್ದ ಹಿಡಿದು, ಕೆನ್ನೆಯನ್ನು ಒರೆಸತೊಡಗಿದಳು. ಒಂದು ಸಲಕ್ಕೆ ಹೋಗಲಿಲ್ಲ. ಸೆರಗಿನ ಇನ್ನೊಂದು ಮಗ್ಗುಲು ಹುಡುಕಿ ಮತ್ತೆ ಒರೆಸಿದಳು. ಆ ಹೆಂಗಸು ಒಂದೂ ತಿಳಿಯದೆ ಮುಖ ಎತ್ತಿ ಕೊಟ್ಟು ನಿಂತಳು. ಹಿಂದೆ ಬರುತ್ತಿದ್ದವರು ಮುಂದೆ ಹೋಗಲು ಜಾಗವಿಲ್ಲದೆ, ಡಬ್ಬಿ ಹಿಡಿದುಕೊಂಡು, ಮೆಟ್ಟಿಲುದ್ದಕ್ಕೂ ಸಾಲಾಗಿ ನಿಂತು ಕಾದರು.